ತಡವಾಗಿ ಬಂದವರು, ತಡವಾಗಿ ಕಂಡವರು

ಹದಿನಾರನೆಯದೋ ಹದಿನೆಂಟನೆಯದೋ ವಯಸ್ಸಿನಲ್ಲಿ ಫುಟ್‌ಬಾಲನ್ನು ಮನಸ್ಸಿಟ್ಟು ಆಡತೊಡಗಿದವರು ಅದನ್ನೇ ಬದುಕಿನ ವೃತ್ತಿಯನ್ನಾಗಿಸಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ಸಿಗುತ್ತವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಕೇಳಿ ಬಾಗಿಲು ಹಾಕಿಬಿಡುವ ಗಾದೆಯ ಉತ್ತರ ಒಂದಾದರೆ, ಇಂಗ್ಲೆಂಡಿನ ಜೇಮಿ ವಾರ್ಡಿಯಂಥವರ ಹೆಸರನ್ನು ಮುಂದಿಟ್ಟು ಛಲವೊಂದಿದ್ದರೆ ವಯಸ್ಸು ಲೆಕ್ಕಕ್ಕಿಲ್ಲವೆಂದು ಹುರಿದುಂಬಿಸುವ ಉತ್ತರ ಇನ್ನೊಂದು. ಮೊದಲನೆಯದು ಕೆಲವರಿಗಾದರೂ ಇದ್ದ ನಿಜವಾದ ಅವಕಾಶವನ್ನು ಕಸಿದುಕೊಳ್ಳುತ್ತದೆ. ಎರಡನೆಯದು ಓದು ಮತ್ತು ಉದ್ಯೋಗಕ್ಕೆ ಸಲ್ಲಬೇಕಾದ ವರ್ಷಗಳನ್ನು ಹಲವರು ಹುಸಿ ಭರವಸೆಗೆ ತೆರುವಂತೆ ಮಾಡುತ್ತದೆ. ಈ ಎರಡು ಉತ್ತರಗಳೂ ದಾರಿ ತಪ್ಪಿಸುವುದಕ್ಕೆ ಕಾರಣವೆಂದರೆ, 'ತಡ' ಎಂಬ ಒಂದೇ ಮಾತಿನೊಳಗೆ ಬೇರೆಬೇರೆಯಾದ ಎರಡು ಸಂಗತಿಗಳು ಅಡಗಿರುವುದನ್ನು ಅವು ಗಮನಿಸುವುದಿಲ್ಲ. ಚೆಂಡಿನ ಸಹವಾಸಕ್ಕೇ ತಡವಾಗಿ ಬಂದವರು ಒಂದು ಬಗೆಯವರು. ಬಾಲ್ಯದಿಂದ ಆಡುತ್ತಲೇ ಇದ್ದು, ಆಯ್ಕೆ ಮಾಡುವವರ ಕಣ್ಣಿಗೆ ತಡವಾಗಿ ಕಂಡವರು ಇನ್ನೊಂದು ಬಗೆಯವರು. ಇವರಿಬ್ಬರ ಸಾಧ್ಯತೆಗಳ ನಡುವೆ ಅಜಗಜಾಂತರವಿದೆ.

ಇಲ್ಲಿ 'ವೃತ್ತಿಪರ' ಎಂಬ ಪದದ ಅರ್ಥವನ್ನೂ ಸ್ಪಷ್ಟಪಡಿಸಿಕೊಳ್ಳಬೇಕು. ಕ್ಲಬ್ಬೊಂದರೊಡನೆ ಲಿಖಿತ ಒಪ್ಪಂದ ಮಾಡಿಕೊಂಡು, ಆಟಕ್ಕೆಂದೇ ಪಡೆಯುವ ಸಂಬಳದಿಂದ ಬದುಕು ನಡೆಸುವ ಆಟಗಾರನನ್ನು ವೃತ್ತಿಪರನೆನ್ನುತ್ತಾರೆ. ಬೇರೊಂದು ಕೆಲಸದಲ್ಲಿದ್ದುಕೊಂಡು ಸಂಜೆ ಅಭ್ಯಾಸ ಮಾಡಿ, ವಾರಾಂತ್ಯದ ಪಂದ್ಯಗಳಿಗೆ ಒಂದಿಷ್ಟು ಹಣ ಪಡೆಯುವವನು ಅರೆವೃತ್ತಿಪರ. ಹಣದ ಮಾತಿಲ್ಲದೆ ಆಡುವವನು ಹವ್ಯಾಸಿ. ಈ ಮೂರು ಮೆಟ್ಟಿಲುಗಳ ನಡುವೆ ಹತ್ತಲು ದಾರಿಯಿದೆಯೇ ಇಲ್ಲವೇ ಎಂಬುದರ ಮೇಲೆಯೇ ತಡವಾದವರ ಭವಿಷ್ಯ ಬಹುಮಟ್ಟಿಗೆ ನಿಂತಿದೆ.

ಚಿಕ್ಕಂದಿನಲ್ಲೇ ಹಿಡಿಯುವ ಜರಡಿ

ಫುಟ್‌ಬಾಲಿನ ದೊಡ್ಡ ಕ್ಲಬ್ಬುಗಳು ಆಟಗಾರರನ್ನು ಹುಡುಕುವುದಕ್ಕಿಂತ ಹೆಚ್ಚಾಗಿ ಬೆಳೆಸುತ್ತವೆ. ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗಿನ 20 ಮತ್ತು ಅದರ ಕೆಳಗಿನ ಮೂರು ವಿಭಾಗಗಳ 72 ಸೇರಿ ಒಟ್ಟು 92 ಕ್ಲಬ್ಬುಗಳು ಲೀಗ್ ವ್ಯವಸ್ಥೆಯ ಮೇಲಿನ ನಾಲ್ಕು ಹಂತಗಳಲ್ಲಿವೆ. ಇವುಗಳಲ್ಲಿ ಹೆಚ್ಚಿನವು ಅಕಾಡೆಮಿ ಎಂದು ಕರೆಯಲಾಗುವ ತರಬೇತಿ ಶಾಲೆಗಳನ್ನು ನಡೆಸುತ್ತಿದ್ದು, ಒಂಬತ್ತು ವರ್ಷದೊಳಗಿನವರ ತಂಡದಿಂದಲೇ ಮಕ್ಕಳ ನೋಂದಣಿ ಆರಂಭವಾಗುತ್ತದೆ. ಅಲ್ಲಿಂದ ಮುಂದೆ ಪ್ರತಿ ಒಂದೆರಡು ವರ್ಷಕ್ಕೊಮ್ಮೆ ಕೆಲವರನ್ನು ಉಳಿಸಿಕೊಂಡು ಉಳಿದವರನ್ನು ಕಳುಹಿಸಿಕೊಡಲಾಗುತ್ತದೆ. ಹದಿನಾರರ ಹೊತ್ತಿಗೆ ಕೆಲವರಿಗೆ ಮಾತ್ರ ವಿದ್ಯಾರ್ಥಿವೇತನದ ಒಪ್ಪಂದ ಸಿಗುತ್ತದೆ, ಹದಿನೆಂಟರ ಹೊತ್ತಿಗೆ ಅವರಲ್ಲಿಯೂ ಕೆಲವರಿಗಷ್ಟೇ ವೃತ್ತಿಪರ ಒಪ್ಪಂದ ದೊರೆಯುತ್ತದೆ. ಎಂಟು ಒಂಬತ್ತರ ವಯಸ್ಸಿನಲ್ಲಿ ಅಕಾಡೆಮಿ ಸೇರಿದ ಮಕ್ಕಳಲ್ಲಿಯೂ ಬಹುಪಾಲು ಮಂದಿ ವೃತ್ತಿಪರರಾಗುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ, ಹೊರಗಿನಿಂದ ತಡವಾಗಿ ಬರುವವರ ದಾರಿ ಎಷ್ಟು ಇಕ್ಕಟ್ಟಾದುದೆಂದು ತಿಳಿಯುತ್ತದೆ.

ಕ್ಲಬ್ಬುಗಳು ಎಳೆಯರ ಕಡೆಗೆ ವಾಲುವುದಕ್ಕೆ ಹಣಕಾಸಿನ ಕಾರಣವೂ ಇದೆ. ಆಟಗಾರನೊಬ್ಬನನ್ನು ಒಂದು ಕ್ಲಬ್ಬು ಇನ್ನೊಂದಕ್ಕೆ ಬಿಟ್ಟುಕೊಡುವಾಗ ಪಡೆಯುವ ಮೊತ್ತವನ್ನು ವರ್ಗಾವಣೆ ಶುಲ್ಕವೆನ್ನುತ್ತಾರೆ. ಹತ್ತೊಂಬತ್ತರ ಆಟಗಾರ ಇನ್ನೂ ಹತ್ತಾರು ವರ್ಷ ಆಡುವವನಾದ್ದರಿಂದ ಅವನಿಗೆ ಮುಂದೆ ಹೆಚ್ಚಿನ ಬೆಲೆ ಬರಬಹುದು. ಇಪ್ಪತ್ತಾರರಲ್ಲಿ ಮೊದಲ ಒಪ್ಪಂದಕ್ಕೆ ಸಹಿ ಹಾಕುವವನ ವಿಷಯದಲ್ಲಿ ಆ ನಿರೀಕ್ಷೆ ಕಡಿಮೆ. ಅಂತರರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟವಾದ ಫಿಫಾದ ನಿಯಮಗಳು ಆಟಗಾರನ ತರಬೇತಿಯ ಕಾಲವನ್ನು 12ರಿಂದ 23ರವರೆಗಿನ ವಯಸ್ಸೆಂದು ಪರಿಗಣಿಸಿ, ಅಂತರರಾಷ್ಟ್ರೀಯ ವರ್ಗಾವಣೆಯ ಶುಲ್ಕದಲ್ಲಿ ಶೇ 5ರಷ್ಟನ್ನು ಆ ಅವಧಿಯಲ್ಲಿ ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹಂಚುತ್ತವೆ. ಆಟಗಾರನೊಬ್ಬ ರೂಪುಗೊಳ್ಳುವ ಕಾಲ ಯಾವುದೆಂಬುದರ ಬಗ್ಗೆ ಫುಟ್‌ಬಾಲ್ ಜಗತ್ತಿನ ತಿಳಿವಳಿಕೆಯೇನೆಂಬುದನ್ನು ಈ ನಿಯಮವೇ ಹೇಳುತ್ತದೆ.

ಜರಡಿಯ ಕಣ್ಣು ತಪ್ಪುವ ಬಗೆ

ಆದರೆ ಇಷ್ಟು ಬೇಗ ಹಿಡಿಯುವ ಜರಡಿ ಎಷ್ಟೋ ಸಲ ಕಾಳನ್ನೂ ಹೊಟ್ಟಿನೊಡನೆ ಚೆಲ್ಲಿಬಿಡುತ್ತದೆ. ಅದಕ್ಕೆ ಮುಖ್ಯವಾದ ಎರಡು ಕಾರಣಗಳನ್ನು ಸಂಶೋಧಕರು ಗುರುತಿಸಿದ್ದಾರೆ. ಮೊದಲನೆಯದನ್ನು ಸಾಪೇಕ್ಷ ವಯಸ್ಸಿನ ಪರಿಣಾಮವೆನ್ನಬಹುದು. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್ಲಿ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಐಸ್ ಹಾಕಿ ಆಟಗಾರರ ಜನ್ಮದಿನಾಂಕಗಳನ್ನು ಪರಿಶೀಲಿಸಿದಾಗ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರ ಸಂಖ್ಯೆ ಅಸಹಜವಾಗಿ ಹೆಚ್ಚಿರುವುದು ಕಂಡುಬಂದಿತು. ಮುಂದೆ ಫುಟ್‌ಬಾಲಿನಲ್ಲಿಯೂ ಇದೇ ಒಲವು ಹಲವು ದೇಶಗಳಲ್ಲಿ ಸಾಬೀತಾಯಿತು. ಜನವರಿ 1ನ್ನು ಗಡಿಯಾಗಿಟ್ಟು ಮಕ್ಕಳನ್ನು ವಯಸ್ಸಿನ ಗುಂಪುಗಳಾಗಿ ವಿಂಗಡಿಸಿದಾಗ, ಜನವರಿಯಲ್ಲಿ ಹುಟ್ಟಿದ ಹುಡುಗ ಡಿಸೆಂಬರಿನಲ್ಲಿ ಹುಟ್ಟಿದವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನಾಗಿರುತ್ತಾನೆ. ಹತ್ತರ ವಯಸ್ಸಿನಲ್ಲಿ ಆ ಒಂದು ವರ್ಷದ ಎತ್ತರ ಮತ್ತು ಬಲವನ್ನೇ ನೋಡುವವರು ಪ್ರತಿಭೆಯೆಂದು ತಿಳಿಯುತ್ತಾರೆ. ಆಯ್ಕೆಯಾದವನಿಗೆ ಒಳ್ಳೆಯ ತರಬೇತಿ ಸಿಕ್ಕಿ ಅವನು ನಿಜವಾಗಿಯೂ ಮುಂದೆ ಹೋಗುವುದರಿಂದ, ಆರಂಭದಲ್ಲಿ ಆದ ತಪ್ಪು ಕೊನೆಗೆ ಸರಿಯಾದ ತೀರ್ಮಾನದಂತೆಯೇ ತೋರುತ್ತದೆ.

ಎರಡನೆಯದು ದೇಹ ಬಲಿಯುವ ವೇಗಕ್ಕೆ ಸಂಬಂಧಿಸಿದ್ದು. ಗಂಡುಮಕ್ಕಳ ಎತ್ತರ ಅತಿವೇಗವಾಗಿ ಏರುವ ಘಟ್ಟ ಸರಾಸರಿ 14ನೆಯ ವಯಸ್ಸಿನ ಸುಮಾರಿಗೆ, ಹೆಣ್ಣುಮಕ್ಕಳದು ಅದಕ್ಕಿಂತ ಎರಡು ವರ್ಷ ಮೊದಲು ಬರುತ್ತದೆ. ಆದರೆ ಒಬ್ಬೊಬ್ಬರಲ್ಲಿ ಇದು ಒಂದೆರಡು ವರ್ಷ ಹಿಂದುಮುಂದಾಗುವುದು ಸಹಜ. ಹದಿಮೂರರಲ್ಲೇ ಮೀಸೆ ಚಿಗುರಿದವನ ಪಕ್ಕದಲ್ಲಿ ನಿಂತ ಸಣಕಲು ಹುಡುಗನನ್ನು ಕೈಬಿಟ್ಟಾಗ, ಅವನು ಹದಿನೇಳರಲ್ಲಿ ಹೇಗಿರುತ್ತಾನೆಂಬುದನ್ನು ಯಾರೂ ನೋಡುವುದಿಲ್ಲ. ಈ ಅನ್ಯಾಯವನ್ನು ತಗ್ಗಿಸಲೆಂದೇ ಕಳೆದ ಒಂದು ದಶಕದಿಂದೀಚೆಗೆ ಇಂಗ್ಲೆಂಡಿನ ಅಕಾಡೆಮಿಗಳು, ಹುಟ್ಟಿದ ವರ್ಷಕ್ಕೆ ಬದಲಾಗಿ ದೈಹಿಕ ಬೆಳವಣಿಗೆಯ ಹಂತವನ್ನು ನೋಡಿ ಮಕ್ಕಳನ್ನು ಗುಂಪು ಮಾಡುವ ಪದ್ಧತಿಯನ್ನು ಆಗಾಗ ಬಳಸುತ್ತಿವೆ. ಬಾಲಕನಾಗಿದ್ದಾಗ ಆರ್ಸೆನಲ್ ಕ್ಲಬ್ಬಿನಿಂದ ಹೊರಬಿದ್ದ ಹ್ಯಾರಿ ಕೇನ್, 2023ರ ಮಾರ್ಚಿನಲ್ಲಿ ವೇಯ್ನ್ ರೂನಿಯ 53 ಗೋಲುಗಳನ್ನು ಹಿಂದಿಕ್ಕಿ ಇಂಗ್ಲೆಂಡ್ ತಂಡದ ಅತಿ ಹೆಚ್ಚು ಗೋಲುಗಳ ಆಟಗಾರನಾದದ್ದು ಇಂಥ ಎಡವಟ್ಟುಗಳಿಗೆ ದೊಡ್ಡ ಸಾಕ್ಷಿ.

ತಡವಾಗಿ ಕಂಡವರ ಹಿಂದಿನ ವರ್ಷಗಳು

ತಡವಾಗಿ ಆರಂಭಿಸಿ ಗೆದ್ದವರೆಂದು ಹೆಸರಾದವರ ಬದುಕನ್ನು ತುಸು ಹತ್ತಿರದಿಂದ ನೋಡಿದರೆ, ಅವರಾರೂ ಆಟವನ್ನು ತಡವಾಗಿ ಆರಂಭಿಸಿದವರಲ್ಲ ಎಂಬುದು ಸ್ಪಷ್ಟವಾಗುತ್ತದೆ. 1987ರಲ್ಲಿ ಶೆಫೀಲ್ಡ್ ನಗರದಲ್ಲಿ ಹುಟ್ಟಿದ ಜೇಮಿ ವಾರ್ಡಿ, ಹದಿನಾರನೆಯ ವಯಸ್ಸಿನವರೆಗೆ ಶೆಫೀಲ್ಡ್ ವೆನ್ಸ್‌ಡೇ ಎಂಬ ದೊಡ್ಡ ಕ್ಲಬ್ಬಿನ ಕಿರಿಯರ ತಂಡದಲ್ಲಿದ್ದು, ಗಾತ್ರದಲ್ಲಿ ಚಿಕ್ಕವನೆಂಬ ಕಾರಣಕ್ಕೆ ಹೊರಬಿದ್ದವರು. ಆಮೇಲೆ ಅವರು ಕಾರ್ಖಾನೆಯಲ್ಲಿ ವೈದ್ಯಕೀಯ ಆಸರೆಪಟ್ಟಿಗಳನ್ನು ತಯಾರಿಸುವ ಕೆಲಸ ಮಾಡುತ್ತ, ಸ್ಟಾಕ್ಸ್‌ಬ್ರಿಜ್ ಪಾರ್ಕ್ ಸ್ಟೀಲ್ಸ್ ಎಂಬ ಚಿಕ್ಕ ಕ್ಲಬ್ಬಿಗೆ ವಾರಕ್ಕೆ 30 ಪೌಂಡಿನ ಸಂಭಾವನೆಗೆ ಆಡಿದರು. 2010ರಲ್ಲಿ ಹ್ಯಾಲಿಫ್ಯಾಕ್ಸ್, 2011ರಲ್ಲಿ ಫ್ಲೀಟ್‌ವುಡ್, 2012ರಲ್ಲಿ 10 ಲಕ್ಷ ಪೌಂಡಿನ ಶುಲ್ಕಕ್ಕೆ ಲೆಸ್ಟರ್ ಸಿಟಿ, ಹೀಗೆ ಒಂದೊಂದೇ ಮೆಟ್ಟಿಲೇರಿ, 27ನೆಯ ವಯಸ್ಸಿನಲ್ಲಿ ಪ್ರೀಮಿಯರ್ ಲೀಗಿಗೆ ಕಾಲಿಟ್ಟು, 2015ರಲ್ಲಿ ಸತತ 11 ಲೀಗ್ ಪಂದ್ಯಗಳಲ್ಲಿ ಗೋಲು ಹೊಡೆದು, ಅದೇ ಋತುವಿನಲ್ಲಿ ಲೆಸ್ಟರ್ ತಂಡ ಚಾಂಪಿಯನ್ ಆಗುವುದಕ್ಕೆ ಕಾರಣರಾದರು. ಈ ಕಥೆಯಲ್ಲಿ ತಡವಾದದ್ದು ಮನ್ನಣೆ ಮಾತ್ರ. ಆಟ ಎಂದೂ ನಿಂತಿರಲಿಲ್ಲ.

ಇಯಾನ್ ರೈಟ್ ಅವರದೂ ಇಂಥದ್ದೇ ಪಯಣ. ಕ್ಲಬ್ಬುಗಳು ನಡೆಸುವ ಆಯ್ಕೆ ಪರೀಕ್ಷೆಗಳಲ್ಲಿ, ಅಂದರೆ ಟ್ರಯಲ್ಸ್‌ಗಳಲ್ಲಿ, ತಿರಸ್ಕೃತರಾಗಿ, ಕೂಲಿ ಕೆಲಸ ಮಾಡುತ್ತ ಲಂಡನ್ನಿನ ಭಾನುವಾರದ ಲೀಗುಗಳಲ್ಲಿ ಆಡುತ್ತಿದ್ದ ಅವರಿಗೆ 1985ರಲ್ಲಿ, ಇಪ್ಪತ್ತೆರಡು ತುಂಬುವ ಹೊತ್ತಿಗೆ, ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ಬಿನ ಒಪ್ಪಂದ ಸಿಕ್ಕಿತು. ಮುಂದೆ ಆರ್ಸೆನಲ್ ಪರವಾಗಿ ಅವರು ಹೊಡೆದ 185 ಗೋಲುಗಳ ದಾಖಲೆ 2005ರವರೆಗೆ ಉಳಿಯಿತು. ವಿಶ್ವಕಪ್ಪಿನಲ್ಲಿ ಒಟ್ಟು 16 ಗೋಲು ಹೊಡೆದು ದಾಖಲೆ ಬರೆದ ಜರ್ಮನಿಯ ಮಿರೊಸ್ಲಾವ್ ಕ್ಲೋಸೆ, ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ ಬಡಗಿಯ ಕೆಲಸ ಕಲಿಯುತ್ತ ಹಳ್ಳಿಯ ಕ್ಲಬ್ಬೊಂದಕ್ಕೆ ಆಡುತ್ತಿದ್ದರೆಂಬುದು ನಿಜ. ಆದರೆ ಅವರ ತಂದೆ ವೃತ್ತಿಪರ ಫುಟ್‌ಬಾಲ್ ಆಟಗಾರ, ತಾಯಿ ಪೋಲೆಂಡಿನ ರಾಷ್ಟ್ರೀಯ ಹ್ಯಾಂಡ್‌ಬಾಲ್ ತಂಡದಲ್ಲಿದ್ದವರು. ಇಪ್ಪತ್ತೊಂದರಲ್ಲಿ ಮೊದಲ ವೃತ್ತಿಪರ ಒಪ್ಪಂದ ಪಡೆದ ಐವರಿ ಕೋಸ್ಟಿನ ದಿದಿಯೆ ದ್ರೋಗ್ಬಾ, ಬಾಲ್ಯದಲ್ಲಿ ಫ್ರಾನ್ಸಿನಲ್ಲಿ ವೃತ್ತಿಪರ ಆಟಗಾರನಾಗಿದ್ದ ಬಂಧುವೊಬ್ಬನ ಆಶ್ರಯದಲ್ಲಿ ಬೆಳೆದವರು. 2018ರ ವಿಶ್ವಕಪ್ ಗೆದ್ದ ಫ್ರಾನ್ಸ್ ತಂಡದ ಎನ್‌ಗೊಲೊ ಕಾಂಟೆ, ದೊಡ್ಡ ಅಕಾಡೆಮಿಗಳು ಗಿಡ್ಡನೆಂದು ಒಲ್ಲೆವೆಂದ ಮೇಲೂ ಪ್ಯಾರಿಸ್ಸಿನ ಹೊರವಲಯದ ಸುರೇನ್ ಎಂಬ ಊರಿನ ಕ್ಲಬ್ಬಿನಲ್ಲಿ ಸುಮಾರು ಒಂದು ದಶಕ ಆಡಿದ್ದರು. ಅಂದಮೇಲೆ ಈ ಎಲ್ಲರೂ ಗಿಡವಾಗಿದ್ದಾಗಲೇ ಬಗ್ಗಿದವರು, ತೋಟಗಾರನ ಕಣ್ಣಿಗೆ ಬಿದ್ದದ್ದು ಮಾತ್ರ ಮರವಾದ ಮೇಲೆ.

ಇಂಥ ಉದಾಹರಣೆಗಳನ್ನು ಓದುವಾಗ ಇನ್ನೊಂದು ಎಚ್ಚರವೂ ಅಗತ್ಯ. ಇದೇ ದಾರಿಯಲ್ಲಿ ನಡೆದು ಅರ್ಧಕ್ಕೇ ನಿಂತವರ ಕಥೆಯನ್ನು ಯಾವ ಪತ್ರಿಕೆಯೂ ಬರೆಯುವುದಿಲ್ಲವಾದ್ದರಿಂದ, ಗೆದ್ದ ಬೆರಳೆಣಿಕೆಯ ಹೆಸರುಗಳೇ ಕಣ್ಮುಂದೆ ನಿಂತು ದಾರಿ ಇರುವುದಕ್ಕಿಂತ ಅಗಲವಾಗಿ ತೋರುತ್ತದೆ.

ಚೆಂಡಿನ ಹತ್ತಿರಕ್ಕೇ ತಡವಾಗಿ ಬಂದವರು

ಹಾಗಾದರೆ ಹದಿನೇಳು ಹದಿನೆಂಟರವರೆಗೆ ಆಟವನ್ನು ಮುಟ್ಟದವರ ಪಾಡೇನು ಎಂಬುದಕ್ಕೆ ಉಸೇನ್ ಬೋಲ್ಟ್ ಅವರ ಪ್ರಯತ್ನ ಬಹಳಷ್ಟನ್ನು ಹೇಳುತ್ತದೆ. 2009ರಲ್ಲಿ ಬರ್ಲಿನ್ನಿನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ ಜಮೈಕಾದ ಈ ಓಟಗಾರ, ನಿವೃತ್ತಿಯ ನಂತರ 2018ರಲ್ಲಿ, 32ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯಾದ ಸೆಂಟ್ರಲ್ ಕೋಸ್ಟ್ ಮ್ಯಾರಿನರ್ಸ್ ಕ್ಲಬ್ಬಿನೊಡನೆ ಕೆಲವು ವಾರ ಅಭ್ಯಾಸ ಮಾಡಿ, ಒಂದು ಸ್ನೇಹಪಂದ್ಯದಲ್ಲಿ ಎರಡು ಗೋಲುಗಳನ್ನೂ ಹೊಡೆದರು. ಆದರೂ ಕೊನೆಗೆ ಒಪ್ಪಂದ ಕುದುರದೆ, ಒಂದೂ ಲೀಗ್ ಪಂದ್ಯವನ್ನಾಡದೆ ಹಿಂದಿರುಗಿದರು. ಫುಟ್‌ಬಾಲಿಗೆ ಬೇಕಾದ ವೇಗವೆಂದರೆ ಕಾಲಿನ ವೇಗವಷ್ಟೇ ಆಗಿದ್ದರೆ ಅವರಿಗಿಂತ ತಕ್ಕವರು ಭೂಮಿಯ ಮೇಲೆ ಯಾರೂ ಇರುತ್ತಿರಲಿಲ್ಲ.

ಆಟದಲ್ಲಿ ಮೊದಲು ಓಡಬೇಕಾದದ್ದು ಕಣ್ಣು ಮತ್ತು ಬುದ್ಧಿ. ಬರುವ ಚೆಂಡನ್ನು ಕಾಲಿನಿಂದ ಮೊದಲ ಬಾರಿ ತಾಗಿ ಹತೋಟಿಗೆ ತಂದುಕೊಳ್ಳುವುದನ್ನು ಆಟಗಾರರು ಫಸ್ಟ್ ಟಚ್ ಎನ್ನುತ್ತಾರೆ. ಇದು ಕೈಬರಹದಂತೆ ಸಾವಿರಾರು ಪುನರಾವರ್ತನೆಗಳಿಂದ ಮೈಗೂಡುವ ವಿದ್ಯೆ. ಇದಕ್ಕಿಂತ ಸೂಕ್ಷ್ಮವಾದದ್ದು, ಚೆಂಡು ತನ್ನ ಕಾಲಿಗೆ ಬರುವ ಮೊದಲೇ ತಲೆ ಹೊರಳಿಸಿ, ಯಾರು ಎಲ್ಲಿದ್ದಾರೆ, ಎಲ್ಲಿ ಜಾಗ ಖಾಲಿಯಿದೆ ಎಂದು ನೋಡಿಟ್ಟುಕೊಳ್ಳುವ ಅಭ್ಯಾಸ. ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್ ವರ್ಷಗಟ್ಟಲೆ ಅಧ್ಯಯನ ಮಾಡಿರುವ ಈ ನೋಟ ಒಳ್ಳೆಯ ಆಟಗಾರರಲ್ಲಿ ಯೋಚನೆಯಿಲ್ಲದೆ ನಡೆಯುವ ಕ್ರಿಯೆಯಾಗಿರುತ್ತದೆ. ಕಾಲು ಚೆಂಡನ್ನು ಸಂಭಾಳಿಸುವುದರಲ್ಲೇ ಗಮನ ಕಳೆದುಹೋಗುವವನಿಗೆ ತಲೆ ಎತ್ತಿ ನೋಡುವ ಬಿಡುವು ಸಿಗುವುದಿಲ್ಲ ಎಂಬುದೇ ತಡವಾಗಿ ಬಂದವನ ಮುಖ್ಯ ತೊಡಕು.

ವಯಸ್ಸಾದ ಮೇಲೆ ಹೊಸ ಕೌಶಲ ಕಲಿಯಲು ಬಾರದು ಎಂಬುದು ಸುಳ್ಳು. ಕಲಿಯುವ ಶಕ್ತಿ ಮೆದುಳಿಗೆ ಜೀವಮಾನವಿಡೀ ಇರುತ್ತದೆ. ತೊಂದರೆಯಿರುವುದು ಪೈಪೋಟಿಯ ಲೆಕ್ಕದಲ್ಲಿ. ಒಬ್ಬ ಹುಡುಗ ಒಂಬತ್ತರಿಂದ ಹದಿನೆಂಟರವರೆಗೆ ವಾರಕ್ಕೆ 10 ಗಂಟೆಯಂತೆ ವರ್ಷದಲ್ಲಿ 40 ವಾರ ಆಡಿದನೆಂದು ಇಟ್ಟುಕೊಂಡರೆ ಅವನ ಬೆನ್ನಿಗೆ 3,600 ಗಂಟೆಗಳಿರುತ್ತವೆ. ಹದಿನೆಂಟರಲ್ಲಿ ಆರಂಭಿಸಿದವನು ಅದರ ಎರಡರಷ್ಟು, ಅಂದರೆ ವಾರಕ್ಕೆ 20 ಗಂಟೆ ಆಡಿದರೂ ಆ ಮೊತ್ತವನ್ನು ಮುಟ್ಟುವುದು ನಾಲ್ಕೂವರೆ ವರ್ಷದ ನಂತರ. ಅಷ್ಟರಲ್ಲಿ ಮೊದಲನೆಯವನು ಕೈಕಟ್ಟಿ ಕುಳಿತಿರುವುದಿಲ್ಲ. ಜೊತೆಗೆ, ಹೊರಮೈದಾನದ ಆಟಗಾರರ ಆಟ ಸಾಮಾನ್ಯವಾಗಿ 25ರಿಂದ 29ರ ವಯಸ್ಸಿನಲ್ಲಿ ತುತ್ತತುದಿಯನ್ನು ಮುಟ್ಟಿ ಇಳಿಮುಖವಾಗುವುದರಿಂದ, ಕಲಿಕೆಯ ಏಣಿ ಹತ್ತುವಷ್ಟರಲ್ಲಿ ದೇಹದ ಏಣಿ ಇಳಿಯತೊಡಗುತ್ತದೆ. ಕಳೆದುಹೋದ ವರ್ಷಗಳನ್ನು ಒಮ್ಮೆಲೇ ತುಂಬಿಕೊಳ್ಳುವ ಆತುರದಲ್ಲಿ ಅಭ್ಯಾಸದ ಹೊರೆಯನ್ನು ದಿಢೀರನೆ ಏರಿಸಿಕೊಂಡು, ಮೊಣಕಾಲು, ಹಿಮ್ಮಡಿಗಳ ಪೆಟ್ಟಿಗೆ ಗುರಿಯಾಗುವ ಅಪಾಯವೂ ಇದೆ.

ಅಭ್ಯಾಸದ ಗಂಟೆಗಳ ವಿಷಯದಲ್ಲಿ ಒಂದು ಜನಪ್ರಿಯ ತಪ್ಪುತಿಳಿವಳಿಕೆಯನ್ನೂ ಸರಿಪಡಿಸಬೇಕು. ಹತ್ತು ಸಾವಿರ ಗಂಟೆಗಳ ಅಭ್ಯಾಸದಿಂದ ಯಾರಾದರೂ ನಿಪುಣರಾಗಬಹುದೆಂಬ ಮಾತಿನ ಮೂಲ, ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ, ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಅಧ್ಯಯನ. ಅಲ್ಲಿದ್ದದ್ದು ಒಂದು ಸರಾಸರಿ ಮಾತ್ರವಾಗಿದ್ದು, ಅದನ್ನು ನಿಯಮವೆಂದು ತಿಳಿಯಬಾರದೆಂದು ಎರಿಕ್ಸನ್ ಅವರೇ ಮುಂದೆ ಸ್ಪಷ್ಟಪಡಿಸಿದರು. ಜರ್ಮನಿಯ ಉನ್ನತ ಲೀಗಿನ ಆಟಗಾರರನ್ನು ಕುರಿತು 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ರಾಷ್ಟ್ರೀಯ ತಂಡದ ಮಟ್ಟ ಮುಟ್ಟಿದವರು ಬಾಲ್ಯದಲ್ಲಿ ಬೀದಿ ಬಯಲುಗಳಲ್ಲಿ ಯಾರ ಅಂಕೆಯೂ ಇಲ್ಲದೆ ಹೆಚ್ಚು ಆಡಿದ್ದರು, ಹದಿಹರೆಯದಲ್ಲಿ ಬೇರೆ ಆಟಗಳಲ್ಲೂ ತೊಡಗಿದ್ದರು ಎಂಬುದು ಕಂಡುಬಂದಿತು. ಇದರಿಂದ ತಿಳಿಯುವುದೇನೆಂದರೆ, ಅಕಾಡೆಮಿಯ ಮುಖ ನೋಡದಿದ್ದರೂ ಓಣಿಯಲ್ಲಿ ದಿನವೂ ಚೆಂಡಾಡಿ ಬೆಳೆದವನು ಆರಂಭವನ್ನೇ ಮಾಡದವನೇನಲ್ಲ. ಅವನ ಆಟವನ್ನು ಯಾರೂ ಲೆಕ್ಕ ಇಟ್ಟಿಲ್ಲ, ಅಷ್ಟೆ.

ಆಡುವ ಜಾಗಕ್ಕೆ ತಕ್ಕಂತೆಯೂ ಸಾಧ್ಯತೆ ಬದಲಾಗುತ್ತದೆ. ಗೋಲ್‌ಕೀಪರನ ವೃತ್ತಿಜೀವನ ದೀರ್ಘವಾದುದು. ಇಟಲಿಯ ಡೀನೊ ಜೋಫ್ 1982ರಲ್ಲಿ ನಾಯಕನಾಗಿ ವಿಶ್ವಕಪ್ ಗೆದ್ದಾಗ ಅವರಿಗೆ 40 ವರ್ಷ. ವಾಲಿಬಾಲ್, ಬಾಸ್ಕೆಟ್‌ಬಾಲ್ ಆಡಿ ಕೈ ಮತ್ತು ಕಣ್ಣಿನ ಹೊಂದಾಣಿಕೆ ಗಳಿಸಿದ ಎತ್ತರದ ಯುವಕರಿಗೆ ಈ ಜಾಗದಲ್ಲಿ ತುಸು ಹೆಚ್ಚಿನ ಅವಕಾಶವಿದೆ. ಎರಡು ಮೂರು ಮಂದಿಯ ನಡುವೆ ಚೆಂಡನ್ನು ಕಾಪಾಡಿಕೊಳ್ಳಬೇಕಾದ ಮಧ್ಯಮೈದಾನದ ಆಟಗಾರನಿಗೆ ತಡವಾದ ಆರಂಭ ಎಲ್ಲರಿಗಿಂತ ದುಬಾರಿ. ಮಹಿಳೆಯರ ಫುಟ್‌ಬಾಲಿನಲ್ಲಿ ಬಾಲಕಿಯರ ಅಕಾಡೆಮಿಗಳು ಇನ್ನೂ ವಿರಳವಾಗಿರುವ ನಮ್ಮಂಥ ದೇಶಗಳಲ್ಲಿ, ಕಬಡ್ಡಿ ಅಥವಾ ಅಥ್ಲೆಟಿಕ್ಸ್‌ನಿಂದ ಹದಿಹರೆಯದಲ್ಲಿ ಬರುವ ಹುಡುಗಿಯ ಮುಂದಿರುವ ಅಂತರ ಹುಡುಗರದಷ್ಟು ದೊಡ್ಡದಲ್ಲ.

ಬೆಂಗಳೂರಿನ ಹಳೆಯ ಮೆಟ್ಟಿಲುಗಳು

ತಡವಾಗಿ ಕಂಡವರಿಗೆ ಆಶ್ರಯ ಕೊಡುವ ವ್ಯವಸ್ಥೆ ಕರ್ನಾಟಕಕ್ಕೆ ಹೊಸದೇನಲ್ಲ. 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಪಂದ್ಯಾವಳಿಯನ್ನು ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡ, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್, ಅದೇ ತಂಡದಲ್ಲಿ ಬರಿಗಾಲಲ್ಲಿ ಆಡಿದ ಅಹಮದ್ ಖಾನ್, ಇವರೆಲ್ಲ ಅಕಾಡೆಮಿಗಳಿಲ್ಲದ ಕಾಲದಲ್ಲಿ ದಂಡು ಪ್ರದೇಶದ ಬಯಲುಗಳು ರೂಪಿಸಿದ ಆಟಗಾರರು. ಸ್ವಾತಂತ್ರ್ಯಾನಂತರ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳು ಒಳ್ಳೆಯ ಆಟಗಾರರಿಗೆ ಕೆಲಸ ಕೊಟ್ಟು ತಂಡಗಳನ್ನು ಕಟ್ಟಿದವು. 1977ರಲ್ಲಿ ನಡೆದ ಮೊತ್ತಮೊದಲ ಫೆಡರೇಷನ್ ಕಪ್ಪಿನಲ್ಲಿ ಮೋಹನ್ ಬಗಾನ್ ತಂಡವನ್ನು ಸೋಲಿಸಿ ಗೆದ್ದದ್ದು ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ ತಂಡ. ತಿಂಗಳ ಸಂಬಳ ಖಚಿತವಾಗಿದ್ದುದರಿಂದ ಇಪ್ಪತ್ತೆರಡರಲ್ಲಿ ಬೆಳಕಿಗೆ ಬಂದವನೂ ಧೈರ್ಯವಾಗಿ ಆಟ ಮುಂದುವರಿಸಬಹುದಾಗಿತ್ತು. ಇಂಥ ತಂಡಗಳು ಇಂದು ಕ್ಷೀಣಿಸಿದ್ದು, ಕ್ಲಬ್ಬುಗಳ ವೃತ್ತಿಪರ ಲೀಗುಗಳು ಆ ಜಾಗವನ್ನು ಆಕ್ರಮಿಸಿವೆ. 2013ರಲ್ಲಿ ಸ್ಥಾಪನೆಯಾಗಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದ ಬೆಂಗಳೂರು ಎಫ್‌ಸಿಯಂಥ ಕ್ಲಬ್ಬುಗಳು ಮಕ್ಕಳನ್ನು ಚಿಕ್ಕಂದಿನಲ್ಲೇ ಆರಿಸಿ ಬೆಳೆಸುವ ಜಾಗತಿಕ ಪದ್ಧತಿಯನ್ನೇ ಅನುಸರಿಸುತ್ತವೆ.

ಆದರೂ ಮೆಟ್ಟಿಲುಗಳು ಪೂರ್ತಿ ಕುಸಿದಿಲ್ಲ. ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ ಲೀಗುಗಳಲ್ಲಿ ಸಿ, ಬಿ, ಎ ಡಿವಿಷನ್ನುಗಳು ಮತ್ತು ಅವುಗಳ ಮೇಲೆ ಸೂಪರ್ ಡಿವಿಷನ್ ಇದ್ದು, ವಯಸ್ಕನೊಬ್ಬ ಕೆಳಗಿನಿಂದ ಏರಿ ಬರಲು ಕಾಗದದ ಮೇಲಾದರೂ ಅಡ್ಡಿಯಿಲ್ಲ. 2023ರ ಮಾರ್ಚ್ 4ರಂದು ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, ಮೈಸೂರು ರಾಜ್ಯದ ಕಾಲದಿಂದ 54 ವರ್ಷ ಕಾದ, ರಾಜ್ಯಗಳ ತಂಡಗಳು ಸೆಣಸುವ ಸಂತೋಷ್ ಟ್ರೋಫಿಯನ್ನು ಕರ್ನಾಟಕ ಮರಳಿ ಪಡೆದಾಗ, ಇಂಥ ಸ್ಥಳೀಯ ಲೀಗುಗಳ ಬೆಲೆ ಏನೆಂಬುದು ಮತ್ತೊಮ್ಮೆ ತಿಳಿಯಿತು.

ತಡವಾದೆವೆಂಬ ಆತಂಕದಲ್ಲಿರುವ ಯುವಕರನ್ನು ಎರಡು ಆಮಿಷಗಳು ಕಾಡುತ್ತವೆ. ಹುಟ್ಟಿದ ದಿನಾಂಕವನ್ನು ತಿದ್ದಿ ಕಿರಿಯರ ತಂಡಕ್ಕೆ ನುಗ್ಗುವುದು ಮೊದಲನೆಯದು. ಅದು ಅಪರಾಧವಷ್ಟೇ ಅಲ್ಲ, ನಿಜವಾಗಿ ಆ ವಯಸ್ಸಿನವನಾದ ಒಬ್ಬ ಬಾಲಕನ ಜಾಗವನ್ನು ಕದಿಯುವ ಕೃತ್ಯ, ಮತ್ತು ಮಣಿಕಟ್ಟಿನ ಮೂಳೆಯ ಬೆಳವಣಿಗೆಯನ್ನು ನೋಡಿ ವಯಸ್ಸನ್ನು ಅಂದಾಜಿಸುವ ವೈದ್ಯಕೀಯ ಪರೀಕ್ಷೆಗಳಿಂದ ಬಯಲಾಗುವಂಥದ್ದು. ಹಣ ಕಟ್ಟಿದರೆ ವಿದೇಶಿ ಕ್ಲಬ್ಬಿನಲ್ಲಿ ಟ್ರಯಲ್ಸ್ ಕೊಡಿಸುವೆವೆನ್ನುವ ದಲ್ಲಾಳಿಗಳ ಮಾತು ಎರಡನೆಯದು. ಆಟಗಾರ ಬೇಕಾದ ಕ್ಲಬ್ಬು ಅವನಿಗೆ ಹಣ ಕೊಡುತ್ತದೆಯೇ ಹೊರತು ಅವನಿಂದ ಕೇಳುವುದಿಲ್ಲ ಎಂಬ ಸರಳ ಸತ್ಯವನ್ನು ಹೆತ್ತವರು ಮರೆಯಬಾರದು.

ಇಷ್ಟೆಲ್ಲದರ ನಂತರ ಮೊದಲಿನ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬಹುದು. ಹದಿನೆಂಟರಲ್ಲಿ ಮೊದಲ ಬಾರಿ ಚೆಂಡನ್ನು ಒದ್ದವನಿಗೆ ಉನ್ನತ ಲೀಗಿನ ಬಾಗಿಲು ಬಹುತೇಕ ಮುಚ್ಚಿದೆ. ಆದರೆ ಅರೆವೃತ್ತಿಪರನಾಗಿ, ತೀರ್ಪುಗಾರನಾಗಿ ಅಥವಾ ಪರವಾನಗಿ ಪಡೆದ ತರಬೇತುದಾರನಾಗಿ ಆಟದೊಳಗೇ ಬದುಕು ಕಟ್ಟಿಕೊಳ್ಳುವ ದಾರಿಗಳು ಅವನಿಗಿವೆ. ಬಾಲ್ಯದಿಂದ ಆಡುತ್ತ ಬಂದು ಯಾರ ಕಣ್ಣಿಗೂ ಬೀಳದವನಿಗೆ ಸಾಧ್ಯತೆ ಚಿಕ್ಕದಾದರೂ ನಿಜವಾದದ್ದು. ಅವನು ತನಗಿಂತ ಮೇಲಿನ ವಿಭಾಗದ ತಂಡದೊಡನೆ ಒಂದೆರಡು ಋತು ಆಡಿ ತನ್ನನ್ನು ಅಳೆದುಕೊಳ್ಳಬೇಕು, ಓದನ್ನೋ ಕೆಲಸವನ್ನೋ ಬಿಡದೆ ಅದನ್ನು ಮಾಡಬೇಕು. ವಾರ್ಡಿ, ರೈಟ್, ಕ್ಲೋಸೆ ಮೂವರೂ ದುಡಿಯುತ್ತಲೇ ಆಡಿದವರೆಂಬುದನ್ನು ಅವರ ಅಭಿಮಾನಿಗಳು ಅಷ್ಟಾಗಿ ಗಮನಿಸಿಲ್ಲ.

ಅವರ ಕಥೆಗಳಲ್ಲಿ ಕಡೆಗಣಿಸಲ್ಪಟ್ಟ ಇನ್ನೊಂದು ಪಾತ್ರವೂ ಇದೆ. ಸ್ಟಾಕ್ಸ್‌ಬ್ರಿಜ್‌ನಂಥ ಪುಟ್ಟ ಊರಿನಲ್ಲಿ, ಕಾರ್ಖಾನೆಯ ಕೆಲಸ ಮುಗಿಸಿ ಬಂದ ಇಪ್ಪತ್ತರ ಯುವಕನಿಗೆ ಆಡಲು ಒಂದು ಹುಲ್ಲಿನ ಅಂಗಳ, ಒಂದು ತಂಡ, ತಪ್ಪದೆ ನಡೆಯುವ ಒಂದು ಲೀಗ್ ಮತ್ತು ಗೆದ್ದರೆ ಏರಲು ಇನ್ನೊಂದು ಮೆಟ್ಟಿಲು ಇದ್ದವು. ಒಂದು ನಾಡಿನಲ್ಲಿ ತಡವಾಗಿ ಕಾಣುವವರಿಗೆ ಎಷ್ಟು ಅವಕಾಶವಿದೆ ಎಂಬುದನ್ನು ಆ ಯುವಕರ ಛಲದಿಂದ ಅಳೆಯುವುದಕ್ಕಿಂತ ಮೊದಲು, ಅಲ್ಲಿ ಅಂಥ ಅಂಗಳಗಳು ಎಷ್ಟು ಉಳಿದಿವೆ ಎಂಬುದರಿಂದ ಅಳೆಯಬೇಕು. ಏಕೆಂದರೆ ಆಡಲು ಜಾಗವೇ ಇಲ್ಲದವನು ಎಷ್ಟು ವರ್ಷ ಕಾದರೂ ಯಾರ ಕಣ್ಣಿಗೂ ಕಾಣುವುದಿಲ್ಲ.